ದೀವಿನಲ್ಲಿ ಅತ್ತಿಗೆ ಉಂಡದ್ದು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತಿತ್ತು. ಕೊಟ್ಟಿಗೆ ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡುವುದು, ಶಿರಾಕ್ಕೆ ಹೋಗಿ ಕನ್ನಡಕದ ಕಡ್ಡಿ ಸರಿಮಾಡಿಸುವುದು, ಅಂಗಳದಲ್ಲಿ ಹರವಿದ ಹುಣಸೆಹಣ್ಣು ಮಗುಚುವುದು. ಬಾಗಿಲು ಕಿರುಗುಡುವುದು ನಿಂತಿತು, ಕನ್ನಡಕ ಮೂಗಿನ ಮೇಲೆ ನೆಟ್ಟಗೆ ಕೂತಿತು, ಹುಣಸೆಹಣ್ಣು ಮಧುಗಿರಿಯ ಮಂಡಿ ಸೇರಿತು. ನಾನು ಮಾತ್ರ ಬರೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಓದಿದವನಿಗೆ ಬರೆಯಲು ಬಾರದು ಎಂದು ನೀವು ತಿಳಿಯಬಾರದು. ಅದೇ ಮಂಡಿಯಲ್ಲಿ ಹುಣಸೆಹಣ್ಣು ತೂಗುವ ಕೆಲಸದಲ್ಲಿದ್ದಾಗ ಇಡೀ ಬೀದಿಯವರ ಅರ್ಜಿಗಳನ್ನು ನಾನೇ ಬರೆದುಕೊಡುತ್ತಿದ್ದೆ. ಬೇರೆಯವರ ಕಷ್ಟ ಬರೆಯುವಾಗ ಪೆನ್ನು ಸರಾಗವಾಗಿ ಓಡುತ್ತದೆ. ಸ್ವಂತ ತಪ್ಪಿನ ಹತ್ತಿರ ಬಂದರೆ ಹಟ ಹಿಡಿದ ಎತ್ತಿನ ಹಾಗೆ ಕಾಲೂರಿ ನಿಲ್ಲುತ್ತದೆ.

ಮೊನ್ನೆ ಆ ಟೋಪಿ ಕಣ್ಣಿಗೆ ಬಿದ್ದದ್ದರಿಂದ ಇವತ್ತು ಬರೆಯುತ್ತಿದ್ದೇನೆ. ನಮ್ಮ ಕಡಲೆಕಾಯಿ ಹೊಲದ ಬೆದರುಬೊಂಬೆ ಒಂದು ಒಣಹುಲ್ಲಿನ ಟೋಪಿ ಹಾಕಿಕೊಂಡು ನಿಂತಿತ್ತು. ಸುತ್ತಲೂ ನೀಲಿ ಪಟ್ಟಿ, ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ‘ದೀವ್’ ಎಂದು ಕೆಂಪಕ್ಷರ. ಟೋಪಿಯ ಅಂಚಿನಲ್ಲಿ ಒಂದು ಕಾಗೆ ಆರಾಮಾಗಿ ಕೂತಿತ್ತು. ಮನೆಗೆ ಬಂದು ಕೇಳಿದರೆ ಅತ್ತಿಗೆ, “ನಾನೇ ಇಕ್ಕಿಸ್ದೆ ಕಣ್ಲಾ. ನಿನ್ ತಲೆಗಿಂತ ಅದ್ರ ತಲೆಗೇ ಚೆಂದಾಗೈತೆ” ಎಂದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅವರು ಬರಗೂರಿನ ಹತ್ತಿರದ ನಮ್ಮ ಹಳ್ಳಿಗೆ ಮದುವೆಯಾಗಿ ಬಂದಾಗ ನಾನು ಇನ್ನೂ ಚಡ್ಡಿ ಹಾಕುವ ಹುಡುಗ. ಅವ್ವ ಅಷ್ಟರಲ್ಲೇ ತೀರಿಕೊಂಡಿದ್ದಳು. ತಲೆಗೆ ಎಣ್ಣೆ ಹಚ್ಚಿದ್ದು, ಮುದ್ದೆ ನುಂಗುವುದನ್ನು ಕಲಿಸಿದ್ದು, ಕೆರೆಯಲ್ಲಿ ಈಜಲು ಹೋದರೆ ಹುಣಸೆ ಬರಲು ಹಿಡಿದು ಏರಿಯ ಮೇಲೆ ನಿಂತದ್ದು ಎಲ್ಲ ಈ ಅತ್ತಿಗೆಯೇ. ಅಣ್ಣ ಹೋಗಿ ಬಹಳ ವರ್ಷವಾಯಿತು. ಈಗಲೂ ಅವರು ನಮ್ಮ ಮನೆಯ ಯಜಮಾನಿ. ನಾನು ಮೊಮ್ಮಕ್ಕಳನ್ನು ಕಂಡಿದ್ದರೂ ಅವರಿಗೆ “ಲೇ ಮಲ್ಲೇಶ”.

ಕೆರೆ ಎಂದೆನಲ್ಲ, ನಡುಗಡ್ಡೆ ಎಂಬ ಮಾತಿಗೆ ನನಗೆ ಮೊದಲು ನೆನಪಾಗುವುದು ನಮ್ಮೂರ ಕೆರೆಯ ನಡುವಿನ ದಿಬ್ಬ. ನಮ್ಮ ಕಡೆ ಕೆರೆ ತುಂಬುವುದು ಅಪರೂಪ. ತುಂಬಿದ ವರ್ಷ ಆ ದಿಬ್ಬದ ಸುತ್ತ ನೀರು ನಿಂತು, ಅದರ ಮೇಲಿನ ಜಾಲಿಮರ ನೀರೊಳಗೆ ತಲೆಕೆಳಗಾಗಿ ಕಾಣುತ್ತಿತ್ತು. ಈಜಿ ದಿಬ್ಬ ಮುಟ್ಟಿದವನೇ ಆ ವರ್ಷದ ದೊರೆ. ನಾನು ಮುಟ್ಟಿದ್ದೇನೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ. ನಿಮಗೆ ಸುಳ್ಳು ಹೇಳುವುದಿಲ್ಲ. ಅರ್ಧ ದೂರದಲ್ಲಿ ಏದುಸಿರು ಬಂದು, ಒಂದು ಎಮ್ಮೆಯ ಬಾಲ ಹಿಡಿದು ದಡಕ್ಕೆ ವಾಪಸು ಬಂದಿದ್ದೆ. ಎಮ್ಮೆ ಯಾರಿಗೂ ಹೇಳಲಿಲ್ಲ.

ಅಂಥವನಿಗೆ ಮುದಿ ವಯಸ್ಸಿನಲ್ಲಿ ನಿಜವಾದ ನಡುಗಡ್ಡೆ ನೋಡುವ ಯೋಗ ಬಂತು. ಸೋಮನಾಥನ ದರ್ಶನಕ್ಕೆಂದು ಮಧುಗಿರಿ, ಶಿರಾ, ಪಾವಗಡದ ಕಡೆಯ ನಾವೊಂದಿಷ್ಟು ಜನ ಸೇರಿ ರೈಲಿನಲ್ಲಿ ಹೊರಟಿದ್ದೆವು. ಸೋಮನಾಥದಿಂದ ಬಸ್ಸಿನಲ್ಲಿ ಒಂದು ಬೆಳಗಿನ ಹಾದಿ ಹೋದರೆ ದೀವ್ ಸಿಗುತ್ತದೆ. ಗುಜರಾತಿನ ಕಾಲಬುಡದಲ್ಲಿರುವ ಪುಟ್ಟ ನಡುಗಡ್ಡೆ, ಆದರೆ ಗುಜರಾತಿಗೆ ಸೇರಿದ್ದಲ್ಲ. ದಿಲ್ಲಿಯವರೇ ನೇರವಾಗಿ ಆಳುವ ಜಾಗ. ಹಿಂದೆ ಪೋರ್ಚುಗೀಸರು ಇದ್ದ ನೆಲ. ಅಲ್ಲಿಗೆ ಹೋಗೋಣ ಎಂದು ಮೊದಲು ಬಾಯಿಬಿಟ್ಟವನು ಓಬಳಪ್ಪ, ಪಾವಗಡದ ಕುರಿ ವ್ಯಾಪಾರಿ. ಅವನ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ಹಗ್ಗದ ಎರಡು ಎಳೆ.

“ಏಮಯ್ಯಾ ಮಲ್ಲೇಶಪ್ಪ, ಗುಜರಾತಿನಾಗೆ ಹೆಂಡ ಒಂದು ಹನೀನೂ ಸಿಗಾಕಿಲ್ಲ. ಆ ಬ್ರಿಡ್ಜು ದಾಟಿದ್ರೆ ಸಾಲಾಗಿ ಅಂಗ್ಡಿ ಅಂತೆ. ಅಲ್ಲಿ ಸಮುದ್ರದಾಗೆ ಐದು ಲಿಂಗಾನೂ ಅವಂತೆ. ಹೆಂಗಸ್ರಿಗೆ ಗುಡಿ, ಗಂಡಸ್ರಿಗೆ ಅಂಗ್ಡಿ. ಸರಿಪೋಯಿಂದಾ?”

ಹೆಂಗಸರಿಗೆ ನಾವು ಗುಡಿಯ ವಿಷಯ ಮಾತ್ರ ಹೇಳಿದೆವು. ಪಾಂಡವರು ಇಟ್ಟ ಐದು ಲಿಂಗಗಳು, ಸಮುದ್ರವೇ ಅಲೆ ಅಲೆಯಾಗಿ ಬಂದು ತೊಳೆಯುತ್ತದೆ, ಎಂದು ನಾನು ಎಷ್ಟು ಚೆನ್ನಾಗಿ ಬಣ್ಣಿಸಿದೆನೆಂದರೆ ಅತ್ತಿಗೆಯ ಕಣ್ಣಲ್ಲಿ ನೀರು ಬಂತು. ಗಂಗೇಶ್ವರ ಎಂಬ ಹೆಸರಿನ ಆ ಗುಡಿ ಇರುವುದು ನಿಜ. ಅಲ್ಲಿಗೆ ಹೋಗಲು ನಾನು ಹೇಳಿದ ಕಾರಣ ಮಾತ್ರ ನಿಜವಲ್ಲ.

ಇಲ್ಲಿ ನಿಮಗೆ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮದು ಲಿಂಗ ಕಟ್ಟುವ ಮನೆತನ. ಹುಟ್ಟಿದಾಗ ಕಟ್ಟಿದ ಇಷ್ಟಲಿಂಗ ಸಾಯುವ ತನಕ ಮೈಮೇಲಿರಬೇಕು. ದಿನಾ ಅದನ್ನು ಶಿವದಾರದಲ್ಲಿ ಕೊರಳಿಗೆ ತೂಗುವ ಕರಡಿಗೆಯಿಂದ ತೆಗೆದು ಎಡಗೈ ಮೇಲಿಟ್ಟುಕೊಂಡು ಪೂಜೆ ಮಾಡಿ, ಆಮೇಲೆ ಅನ್ನ ನೀರು. ಕಟ್ಟುನಿಟ್ಟಿನವರು ಲಿಂಗ ಕಳೆದುಹೋದರೆ, ಮನೆತನದ ಗುರುಗಳಾದ ಅಯ್ಯನವರ ಕೈಯಿಂದ ಮತ್ತೆ ಕಟ್ಟಿಸಿಕೊಳ್ಳುವ ತನಕ ಗುಟುಕು ನೀರನ್ನೂ ಮುಟ್ಟುವುದಿಲ್ಲ. ನನ್ನ ಲಿಂಗ ದೇವರ ಮನೆಯ ಗೂಟಕ್ಕೆ ತೂಗಿ ಎಷ್ಟು ಕಾಲವಾಯಿತೋ! ಬೀಡಿ ಕಲಿತ ಮೇಲೆ, ಬೀಡಿ ಜೇಬು ಮತ್ತು ಲಿಂಗ ಅಕ್ಕಪಕ್ಕ ಇರಬಾರದೆಂದು ಲಿಂಗವನ್ನೇ ಗೂಟಕ್ಕೆ ಹಾಕಿದೆ. ಬೀಡಿ ಬಿಟ್ಟ ಮೇಲೂ ಅದು ಅಲ್ಲೇ ಇದೆ. ಅತ್ತಿಗೆ ಹಾಗಲ್ಲ. ಹುಡುಗನಾಗಿದ್ದಾಗ ನಾನು ಪೂಜೆ ತಪ್ಪಿಸಿ ಹಣೆಗೆ ವಿಭೂತಿ ಬಳಿದುಕೊಂಡು ರೊಟ್ಟಿಗೆ ಬಂದು ಕೂತರೆ, ನನ್ನ ಲಿಂಗ ಮುಟ್ಟಿ ನೋಡಿ, “ಒಣಗೈತಲ್ಲೋ, ಎದ್ದೋಗು” ಎನ್ನುತ್ತಿದ್ದರು. ಅವರ ಬೆರಳಿಗೆ ಸುಳ್ಳು ಹೇಳಲು ಆಗುತ್ತಿರಲಿಲ್ಲ.

ದೀವಿಗೆ ಇಳಿದಾಗ ಬಿಸಿಲು ಏರಿತ್ತು. ಬೂದು ಬಂಡೆ, ಒಣ ಹುಲ್ಲು, ನಮ್ಮ ಕಡೆಯಂಥದೇ ಬರಡು ನೆಲ. ಆದರೆ ಅಲ್ಲಿಯ ತಾಳೆಮರಕ್ಕೆ ಕೊಂಬೆಗಳಿವೆ! ಒಂದು ಬೊಡ್ಡೆ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆದು ನಿಂತಿರುತ್ತದೆ. ಓಬಳಪ್ಪ ಸಮುದ್ರವನ್ನು ಬಹಳ ಹೊತ್ತು ದಿಟ್ಟಿಸಿ, “ಇಷ್ಟು ನೀರೈತೆ, ಒಂದು ಕುರಿ ಕುಡಿಯೋ ಅಂಗಿಲ್ಲ. ಏನು ದರಿದ್ರ ಕೆರೆ ಇದು!” ಎಂದ.

ನಾವು ಇಳಿದುಕೊಂಡದ್ದು ಬಿಳಿ ಇಗರ್ಜಿಯೊಂದರ ಹಿಂದಿನ ಹಳದಿ ಬಣ್ಣದ ಮನೆಯಲ್ಲಿ. ಯಜಮಾನಿ ಮರಿಯಾ ಎಂಬ ಮುದುಕಿ. ಮೊಣಕಾಲಿನ ಕೆಳಗಿಳಿಯುವ ಹೂವಿನ ಫ್ರಾಕು, ಕತ್ತಿನಲ್ಲಿ ಜಪಮಾಲೆ, ನೆರೆತ ಗುಂಗುರು ಕೂದಲು. ಗಂಡ ಆಫ್ರಿಕಾದಲ್ಲಿ ಎಲ್ಲೋ ಕೆಲಸಕ್ಕಿದ್ದು ಅಲ್ಲೇ ತೀರಿಕೊಂಡನಂತೆ. ಅವನ ಫೋಟೋ ಗೋಡೆಯ ಮೇಲೆ ಕೋಟು ಹಾಕಿಕೊಂಡು ಕೂತಿತ್ತು. ಮರಿಯಾ ದೇವರ ಹತ್ತಿರ ಪೋರ್ಚುಗೀಸಿನಲ್ಲಿ, ಬೆಕ್ಕಿನ ಹತ್ತಿರ ಗುಜರಾತಿಯಲ್ಲಿ, ನಮ್ಮ ಹತ್ತಿರ ಹಿಂದಿಯಲ್ಲಿ ಮಾತಾಡುತ್ತಿದ್ದಳು.

ಅತ್ತಿಗೆ ನನ್ನ ಕಿವಿಯಲ್ಲಿ, “ಶಿವನೇ, ಅಜ್ಜಿ ಲಂಗ ತೊಟ್ಟವ್ಳೆ ನೋಡ್ಲಾ!” ಎಂದರು. ಆ ಹೊತ್ತಿಗೆ ಮರಿಯಾ ಅತ್ತಿಗೆಯ ಓಲೆಯನ್ನೂ ಹಣೆತುಂಬಾ ಬಳಿದ ವಿಭೂತಿಯನ್ನೂ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅಲ್ಲಿಗೆ ಪರಿಚಯ ಮುಗಿಯಿತು.

ಮರಿಯಾ ದುಂಡನೆಯ ಬಿಸಿ ಬ್ರೆಡ್ಡು ತಂದಿಟ್ಟಳು. ಅತ್ತಿಗೆ ಮುಟ್ಟಲಿಲ್ಲ. “ಐದು ಲಿಂಗದ ಮುಂದೇ ಪೂಜೆ ಮಾಡ್ತೀನಿ. ಆಮ್ಯಾಲೆ ನೀರು” ಎಂದರು. ಬೆಳಗಿನಿಂದ ಅವರ ಬಾಯಿಗೆ ಹನಿ ಬಿದ್ದಿರಲಿಲ್ಲ. ಗಂಡಸರು ಊರು ನೋಡಿ ಬರುತ್ತೇವೆ ಎಂದು ಹೊರಬಿದ್ದೆವು. ಏನು ನೋಡಿದೆವೆಂದು ನಿಮಗೆ ಗೊತ್ತು. ನಾನು ಒಂದು ಬಾಟ್ಲು ಬೀರು ಕುಡಿದೆ. ರುಚಿ ಹಾಗಲಕಾಯಿ ಬೇಯಿಸಿದ ನೀರಿನಂತಿತ್ತು. ಆದರೂ ಅಷ್ಟು ದೂರದಿಂದ ಬಂದ ಮರ್ಯಾದೆಗೆಂದು ಬಿಡದೆ ಕುಡಿದು, ಏಲಕ್ಕಿ ಅಗಿದು, ಬೀದಿಯಲ್ಲಿ ಆ ಹುಲ್ಲಿನ ಟೋಪಿ ಕೊಂಡು ತಲೆಗಿಟ್ಟುಕೊಂಡೆ. ಟೋಪಿ ಇಟ್ಟ ಕೂಡಲೇ ನಾನೇ ಆ ನಡುಗಡ್ಡೆಯ ದೊರೆ ಅನ್ನಿಸಿತು.

ಗಂಗೇಶ್ವರ ಊರಾಚೆ, ಸಮುದ್ರದ ಅಂಚಿನ ಬಂಡೆಯ ಸಂದಿನಲ್ಲಿದೆ. ಮೆಟ್ಟಿಲಿಳಿದು ಹೋಗಬೇಕು. ಕೆಳಗೆ ಕಲ್ಲಿನ ಹಾಸಿನ ಮೇಲೆ ಐದು ಲಿಂಗಗಳು, ಒಂದೊಂದು ಒಂದೊಂದು ಗಾತ್ರ. ಅಲೆ ಬಂದು ಮುಳುಗಿಸಿ, ಹೂವೆಲ್ಲ ಎತ್ತಿಕೊಂಡು ಹಿಂದಕ್ಕೆ ಹೋಗುತ್ತದೆ. ಲಿಂಗಗಳು ಮತ್ತೆ ತೊಳೆದಿಟ್ಟ ಹಾಗೆ ಮೇಲೆ ಬರುತ್ತವೆ. ನಾನು ಹೆಂಗಸರಿಗೆ ಬಿಟ್ಟ ಬುರುಡೆಗಿಂತ ನಿಜವೇ ದೊಡ್ಡದಾಗಿತ್ತು. ಅತ್ತಿಗೆ ಮೆಟ್ಟಿಲಿನ ಮೇಲೆ, ಅಲೆ ಮುಟ್ಟದ ಜಾಗ ನೋಡಿ ಕೂತರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ತೆಗೆದುಕೊಂಡು, ಚೊಂಬಿನಿಂದ ಒಂದೆರಡು ಹನಿ ನೀರು ಬಿಟ್ಟು, ಕಣ್ಣು ಮುಚ್ಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

“ಅತ್ಗೆಮ್ಮ, ಚೊಂಬಿನ ನೀರ್ಯಾಕೆ? ಸಮುದ್ರಾನೇ ಬಂದೈತೆ. ಮುಂದಕ್ಕೆ ಬಂದು ಅಲೆಗೆ ಕೈ ಹಿಡಿ. ಫೋಟೋ ತೆಗೀತೀನಿ” ಎಂದೆ.

“ಬ್ಯಾಡ ಕಣ್ಲಾ. ನೀರು ಜೋರೈತೆ.”

“ನಾನಿಲ್ವಾ? ಹಿಡ್ಕಂತೀನಿ, ಬಾ.”

ಹೂ ಮಾರುವ ಹೆಂಗಸು ಮೇಲಿನಿಂದ ಏನೋ ಕೂಗಿದಳು. ಬೇಡ ಎನ್ನುತ್ತಿದ್ದಾಳೆಂದು ತಿಳಿಯಲು ಗುಜರಾತಿ ಬರಬೇಕಿರಲಿಲ್ಲ. ನಾನು ಟೋಪಿ ಎತ್ತಿ ಅವಳತ್ತ ಬೀಸಿದೆ. ಅತ್ತಿಗೆ ನನ್ನ ಮಾತಿಗೆ ಎರಡು ಮೆಟ್ಟಿಲು ಇಳಿದು ಕೈ ಚಾಚಿದರು. ನಾನು ಅವರನ್ನು ಹಿಡಿದುಕೊಳ್ಳಲಿಲ್ಲ. ಫೋನು ಹಿಡಿದಿದ್ದೆ.

ಅಲೆ ಸೊಂಟದ ತನಕ ಬಂತು. ಅತ್ತಿಗೆ ಕುಸಿದು ಕೂತರು. ಓಬಳಪ್ಪ ಹಾರಿ ಬಂದು ರಟ್ಟೆ ಹಿಡಿದು ಎಳೆದ. ನೀರು ಹಿಂದಕ್ಕೆ ಹೋದಾಗ ಅವರ ಎಡಗೈ ಹಾಗೇ ಚಾಚಿತ್ತು, ಬೆರಳು ಬಿಡಿಸಿಕೊಂಡು, ಖಾಲಿ.

ಅತ್ತಿಗೆ ನನ್ನನ್ನು ಬೈಯಲಿಲ್ಲ. ಅಳಲಿಲ್ಲ. ಒದ್ದೆ ಸೆರಗು ಹಿಂಡಿಕೊಂಡು, ಬರಿದಾದ ಕರಡಿಗೆಯ ಮುಚ್ಚಳ ಹಾಕಿ, “ನಡೀರಪ್ಪ” ಎಂದರು ಅಷ್ಟೆ.

ಮರಿಯಾಳ ಮನೆಗೆ ಬಂದು ಗೋಡೆಗೊರಗಿ ಕೂತವರು ಯಾರು ಏನು ಕೊಟ್ಟರೂ ತಲೆ ಅಲ್ಲಾಡಿಸಿದರು. ನಮ್ಮ ಅಯ್ಯನವರು ಇರುವುದು ತಾವರೆಕೆರೆಯಲ್ಲಿ. ಊರಿಗೆ ಮುಟ್ಟಲು ಇನ್ನೂ ಎಷ್ಟು ರೈಲು, ಎಷ್ಟು ಹೊತ್ತು! ಅಷ್ಟರ ತನಕ ನೀರಿಲ್ಲದೆ ಈ ಮುದಿ ಜೀವ ಉಳಿಯುವುದುಂಟೆ? ಜೊತೆಯ ಹೆಂಗಸರು, “ಆಪತ್ತಿಗೆ ನೇಮ ಇಲ್ಲ ಕಣಮ್ಮ, ಒಂದು ಗುಟುಕು ಕುಡಿ” ಎಂದು ಗೋಗರೆದರು. ಅತ್ತಿಗೆ, “ನಂಗೇನೂ ಆಗಾಕಿಲ್ಲ ಬುಡ್ರೇ, ನೀವುಣ್ಣಿ” ಎಂದರು. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಮರಿಯಾ ವಿಷಯ ಏನೆಂದು ಕೇಳಿದಳು. ಓಬಳಪ್ಪ ತನ್ನ ಹಿಂದಿಯಲ್ಲಿ, “ಇನ್ಕಾ ಗಾಡ್ ಪಾನೀಮೇ ಗಯಾ. ಖಾನಾ ನಹೀ” ಎಂದ. ಅವಳಿಗೆ ಅಷ್ಟು ಸಾಕಾಯಿತು. ಒಲೆಯ ಮೇಲಿನ ಪಾತ್ರೆ ಕೆಳಗಿಳಿಸಿ, ತನ್ನ ತಟ್ಟೆ ಬೋರಲು ಹಾಕಿ, ಬಂದು ಅತ್ತಿಗೆಯ ಪಕ್ಕ ನೆಲದ ಮೇಲೆ ಕೂತಳು. ಕತ್ತಿನ ಜಪಮಾಲೆ ಬಿಚ್ಚಿ ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಅದರ ಮಣಿಗಳನ್ನು ಒಂದೊಂದಾಗಿ ಮುಟ್ಟಿ, ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟು, ತಮ್ಮ ಶಿವದಾರ ತೋರಿಸಿದರು. ಮರಿಯಾ ಅದನ್ನು ಬೆರಳಲ್ಲಿ ಸವರಿದಳು. ಕೋಟೆ, ಫಿರಂಗಿ, ಇಗರ್ಜಿಯ ಮರದ ಕೆತ್ತನೆ ಎಲ್ಲ ನೋಡಿಬಂದ ನಮ್ಮವರು ಈಗಲೂ ಅದನ್ನೇ ವರ್ಣಿಸುತ್ತಾರೆ. ನನಗೆ ದೀವ್ ಎಂದರೆ ಗೋಡೆಗೊರಗಿ ಉಪವಾಸ ಕೂತ ಆ ಇಬ್ಬರು ಮುದುಕಿಯರು.

ಸಂಜೆ ಹೊತ್ತಿಗೆ ನೀರು ಇಳಿಯುತ್ತದೆ, ಆಗ ಹುಡುಕಿ, ಎಂದಿದ್ದಳು ಮರಿಯಾ. ನಾನೊಬ್ಬನೇ ಹೋದೆ. ಬಂಡೆಯ ಒಂದೊಂದು ಬಿರುಕಿಗೂ ಕೈ ಹಾಕಿದೆ. ಕೊಳೆತ ಹೂವು, ತೆಂಗಿನ ಚಿಪ್ಪು, ಏಡಿ. ಬೀರು ಎಂದೋ ಇಳಿದುಹೋಗಿತ್ತು. ಹೊತ್ತು ಮುಳುಗುವ ಮುಂಚೆ ಒಂದು ಗುಳಿಯಲ್ಲಿ ದುಂಡನೆಯ ಕರೀ ಕಲ್ಲು ಸಿಕ್ಕಿತು, ಲಿಂಗದಷ್ಟೇ ಗಾತ್ರ. ಲಿಂಗವಲ್ಲ, ಬರೀ ಕಲ್ಲು. ಅದನ್ನು ಪಂಚೆಯ ತುದಿಗೆ ಒರೆಸಿದೆ. ಹೊಳಪು ಬರುವ ತನಕ ಒರೆಸಿದೆ.

“ಅತ್ಗೆಮ್ಮ, ಸಿಕ್ತು!” ಎಂದು ಬಾಗಿಲಿನಿಂದಲೇ ಕೂಗಿದೆ. ಅವರು ಕೇಳುವ ಮುಂಚೆಯೇ, “ಉಪ್ಪುನೀರಿಗೆ ಮೇಲಿನ ಕಂತಿ ಎಲ್ಲಾ ಕರಗೋಗೈತೆ. ಅದಕ್ಕೇ ಹಿಂಗೈತೆ” ಎಂದೂ ಸೇರಿಸಿದೆ. ಲಿಂಗಕ್ಕೆ ಹಚ್ಚುವ ಕಪ್ಪು ಕಂತಿ ಕಲ್ಲಿಗಿಂತ ಗಟ್ಟಿ, ಒಂದು ಮಧ್ಯಾಹ್ನದಲ್ಲಿ ಕರಗುವಂಥದಲ್ಲ ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು.

ಅತ್ತಿಗೆ ಕಲ್ಲನ್ನು ಎಡಗೈಗೆ ತೆಗೆದುಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಮುಷ್ಟಿ ಮುಚ್ಚಿ ನನ್ನ ಮುಖ ನೋಡಿದರು. ಒದ್ದೆ ಪಂಚೆ, ಬಂಡೆಗೆ ತರಚಿದ ಮೊಣಕೈ, ಆ ತಲೆಹೋಕ ಟೋಪಿ, ಎಲ್ಲ ನೋಡಿದರು.

“ಸಿಕ್ತಾ?” ಎಂದರು.

“ಹೂಂ.”

“ಒಳ್ಳೇದಾತು ಬುಡು. ನೀನು ಉಂಡ್ಯಾ?”

“ಇಲ್ಲ.”

“ಸರಿ. ನೀರು ತಾ.”

ಆ ಕಲ್ಲಿಗೆ ನೀರು ಬಿಟ್ಟು, ವಿಭೂತಿ ಹಚ್ಚಿ, ಕರಡಿಗೆಗೆ ಹಾಕಿ, ಅತ್ತಿಗೆ ನೀರು ಕುಡಿದರು. ಮರಿಯಾ ಓಡಿಹೋಗಿ ಅನ್ನ, ಬೇಳೆ ತಂದಳು. ಅತ್ತಿಗೆ ನನ್ನನ್ನು ಪಕ್ಕ ಕೂರಿಸಿಕೊಂಡು ಉಂಡರು. ನಾನು ಗೆದ್ದೆ ಎಂದುಕೊಂಡೆ. ಎಂಥ ಬುದ್ಧಿ ನನ್ನದು ಎಂದು ಒಳಗೇ ಬೀಗಿದೆ. ಊರು ಮುಟ್ಟುವ ತನಕ ಅವರು ದಿನಾ ಅದೇ ಕಲ್ಲಿಗೆ ಪೂಜೆ ಮಾಡಿ ಉಂಡರು. ರೈಲಿನಲ್ಲಿ ನನಗೆ ಚೆನ್ನಾಗಿ ನಿದ್ದೆಯೂ ಬಂತು.

ಊರಿಗೆ ಬಂದ ಮಾರನೇ ದಿನವೇ ಅತ್ತಿಗೆ, “ತಾವರೆಕೆರೆಗೆ ಕರ್ಕಂಡೋಗು” ಎಂದರು. ಅಯ್ಯನವರ ಮನೆಯ ಜಗಲಿಯಲ್ಲಿ ನಾನು ಕೂತೆ, ಅವರು ಒಳಗೆ ಹೋದರು. ನಮ್ಮೂರಿನ ಇಬ್ಬರು ಹೆಂಗಸರು ಅದಾಗಲೇ ಒಳಗಿದ್ದರು. ಬಾಗಿಲು ತೆರೆದೇ ಇತ್ತು.

“ಅಯ್ಯಾ, ಲಿಂಗ ಕಳ್ಕಂಡ್ಬುಟ್ಟೆ. ಕಳ್ಕಂಡ ಮ್ಯಾಲೂ ಉಂಡೆ. ಗೊತ್ತಿದ್ದೇ ಉಂಡೆ.”

“ಯಾಕಮ್ಮ? ನಿಮ್ಮಂಥೋರು?”

“ಹಸ್ವು ತಡೀಲಿಲ್ಲ ಕಣಯ್ಯ. ವಯಸ್ಸಾತಲ್ಲ.”

ಒಂದು ಜೀವಮಾನವಿಡೀ ನಮಗೆಲ್ಲ ಬಡಿಸಿ, ಕೊನೆಗೆ ತಳದ ಸೀಕು ಕೆರೆದು ಉಂಡ ಹೆಂಗಸು ಹಸಿವು ತಡೆಯಲಿಲ್ಲ ಎಂದರು. ನಾನು ಜಗಲಿಯಲ್ಲಿ ನಮ್ಮಿಬ್ಬರ ಚಪ್ಪಲಿ ನೋಡುತ್ತ ಕೂತಿದ್ದೆ. ಎದ್ದು ಒಳಗೆ ಹೋಗಿ, ತಪ್ಪು ನನ್ನದು ಅಯ್ಯಾ, ನನ್ನ ಮುಖ ಉಳಿಸಲು ಈಕೆ ಉಂಡಳು, ಎನ್ನಲು ನಾಲ್ಕು ಹೆಜ್ಜೆ ಸಾಕಿತ್ತು. ಹೋಗಲಿಲ್ಲ. ಅಯ್ಯನವರು, “ಶಿವ ದೊಡ್ಡೋನು ತಾಯಿ” ಎಂದು ಹೊಸ ಲಿಂಗ ಕಟ್ಟಿದರು. ಅವರು ಒಂದು ಮಾತಲ್ಲಿ ಬಿಟ್ಟರು. ಊರಿನವರು ಬಿಡಲಿಲ್ಲ.

ಆ ಇಬ್ಬರು ಹೆಂಗಸರ ಬಾಯಿಂದ ಮಾತು ಕೇರಿಯೆಲ್ಲ ಸುತ್ತಿತು. ನೆಂಟರ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಒಬ್ಬಳು, “ಮೊದ್ಲು ಆ ಅಜ್ಜೀಗ್ ಬಡಿಸ್ರಪ್ಪ, ಹಸ್ವು ತಡಿಯಾಕಿಲ್ಲ ಅವ್ರು. ಲಿಂಗಾನೂ ಕಾಯಾಕಿಲ್ಲ” ಎಂದಳು. ಪಂಕ್ತಿಯಲ್ಲಿ ನಗು ಎದ್ದಿತು. ಅತ್ತಿಗೆಯೂ ನಕ್ಕು, “ಹೂಂ ಕಣಮ್ಮ, ಬಡ್ಸು ಬಡ್ಸು, ಪಾಯಸ ಒಸಿ ಮುಂದಾಗೇ ಬಡ್ಸು” ಎಂದರು. ನಾನು ಎದುರು ಸಾಲಿನಲ್ಲಿದ್ದೆ. ಎಲೆಯ ಮೇಲೆ ಬಗ್ಗಿ, ಕೋಸಂಬರಿಯಲ್ಲಿ ಏನೋ ಕಳೆದುಕೊಂಡವನ ಹಾಗೆ ಹುಡುಕುತ್ತಿದ್ದೆ.

ಹೊಸ ಲಿಂಗ ಬಂದ ಮೇಲೂ ಅತ್ತಿಗೆ ಆ ಕಲ್ಲನ್ನು ಎಸೆದಿಲ್ಲ. ಹಿತ್ತಲ ಬಿಲ್ವದ ಗಿಡದ ಬುಡದಲ್ಲಿಟ್ಟಿದ್ದಾರೆ. ಗಿಡಕ್ಕೆ ನೀರು ಹಾಕುವಾಗ ಅದಕ್ಕೂ ಒಂದಿಷ್ಟು ಹಾಕುತ್ತಾರೆ. ಯಾಕೆಂದು ಒಮ್ಮೆ ಕೇಳಿದೆ. “ಅಷ್ಟು ದೂರದಿಂದ ಕರ್ಕಂಬಂದಿದೀವಿ. ಅದ್ರದೇನು ತಪ್ಪು?” ಎಂದರು. ತಪ್ಪು ಯಾರದು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು, ದಿನಾ ಅವರ ಕೈಯಿಂದಲೇ ಮಜ್ಜಿಗೆ ಹಾಕಿಸಿಕೊಂಡು ಉಣ್ಣುತ್ತ, ಒಂದು ಮಾತನ್ನು ಹೀಗೆ ನುಂಗಿಕೊಂಡಿರಬಹುದೆಂದು ನಾನು ತಿಳಿದಿರಲಿಲ್ಲ. ಇರಬಹುದು. ಮನುಷ್ಯ ಎಷ್ಟು ಕಾಲ ಬೇಕಾದರೂ ಹಾಗಿರಬಲ್ಲ.

ಇಷ್ಟು ಬರೆಯುವ ಹೊತ್ತಿಗೆ ಅತ್ತಿಗೆ ಅವರೆಕಾಯಿ ಸುಲಿಯುತ್ತ ಬಂದು ಹೊಸ್ತಿಲ ಮೇಲೆ ಕೂತರು.

“ಏನ್ಲಾ ಅದು, ಬೆಳಗಿಂದ ಗೀಚ್ತಾನೇ ಇದೀಯ?”

“ದೀವಿಗೆ ಹೋಗಿದ್ವಲ್ಲ ಅತ್ಗೆಮ್ಮ, ಅದನ್ನ ಬರೀತಿದೀನಿ. ಪತ್ರಿಕೆಗೆ ಕಳಿಸ್ತೀನಿ.”

“ಅದ್ರಾಗೆ ನಾನೂ ಬತ್ತೀನಾ?”

“ಬತ್ತೀಯ.”

“ನನ್ ಹೆಸ್ರು ಹಾಕಿದೀಯಾ?”

“ಇಲ್ಲ. ಅತ್ತಿಗೆ ಅಂತ ಬರ್ದಿದೀನಿ.”

“ಅತ್ಗೆ ಅಂದ್ರೆ ಯಾರು ಅಂತ ತಿಳ್ದಾತು? ಊರು ತುಂಬಾ ಅತ್ಗೇರೇ ಅವ್ರೆ. ಹೆಸ್ರು ಹಾಕು. ಓಟಿನ ಚೀಟಿ ಬುಟ್ರೆ ನನ್ ಹೆಸ್ರು ಎಲ್ಲೂ ಅಚ್ಚಾಗಿಲ್ಲ.”

ಅವರ ಮಾತು ಸರಿ. ಪಂಕ್ತಿಯಲ್ಲಿ ನಕ್ಕವರ ಮನೆಗೂ ಈ ಪತ್ರಿಕೆ ಹೋಗುತ್ತದೆ. ಉಂಡದ್ದು ಯಾರು, ಯಾರ ಸಲುವಾಗಿ ಉಂಡರು ಎಂದು ಅವರಿಗೆ ಸಂಶಯವಿಲ್ಲದೆ ತಿಳಿಯಬೇಕು. ಅಚ್ಚಾದ ಮೇಲೆ ಇದನ್ನು ಓದಿ ಹೇಳು ಎಂದು ಅತ್ತಿಗೆಯೂ ಬಂದು ಕೂರುತ್ತಾರೆ. ಅವರಿಗೆ ಓದಲು ಬಾರದು, ನಾನೇ ಗಟ್ಟಿಯಾಗಿ ಓದಬೇಕು. ಕ್ಷಮಿಸು ಎಂಬ ಮಾತು ಈ ಹೊತ್ತಿನ ತನಕ ನನ್ನ ಬಾಯಿಗೆ ಬಂದಿಲ್ಲ. ಅವರು ಕೇಳಿದ್ದು ಅದನ್ನಲ್ಲ. ಕೇಳಿದ್ದನ್ನು ಬರೆಯುತ್ತೇನೆ. ಹಸಿವಿಗೆ ಸೋಲದ, ನನಗಾಗಿ ಸೋತೆನೆಂದು ಹೇಳಿಕೊಂಡ ನನ್ನ ಅತ್ತಿಗೆಯ ಹೆಸರು ಶಿವರುದ್ರಮ್ಮ.